ರೈಲು ಟಿಕೆಟ್‌ನಲ್ಲಿ ದುಡ್ಡು ಸೋರುವ ಜಾಗಗಳು

ವಿಮಾನದ ಟಿಕೆಟ್ ಹಾಗೆ ರೈಲಿನಲ್ಲೂ ಎಲ್ಲೋ ಒಂದು ಅಗ್ಗದ ದರ ಅಡಗಿ ಕೂತಿರುತ್ತೆ, ಹುಡುಕಿದರೆ ಸಿಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಮಂಗಳವಾರ ರಾತ್ರಿ ಬುಕ್ ಮಾಡಿ, ಬ್ರೌಸರ್ ಹಿಸ್ಟರಿ ಅಳಿಸಿ ನೋಡಿ, ಈ ಆ್ಯಪ್ ಬಿಟ್ಟು ಆ ಆ್ಯಪ್ ನೋಡಿ ಅನ್ನುವ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಭಾರತೀಯ ರೈಲ್ವೆಯಲ್ಲಿ ಇವು ಯಾವುದೂ ನಡೆಯುವುದಿಲ್ಲ. ಇಲ್ಲಿ ದರ ಅನ್ನುವುದು ಒಂದು ಕೋಷ್ಟಕ. ಯಾವ ದರ್ಜೆ, ಎಷ್ಟು ಕಿಲೋಮೀಟರ್, ಎಂಥ ಗಾಡಿ ಅಂತ ಗೊತ್ತಾದರೆ ಮೂಲ ದರ ಸಿಕ್ಕಿತು. ಅದನ್ನು ಯಾರೂ ಇಳಿಸಲಾರರು. ಆದರೆ ಆ ಮೂಲ ದರದ ಮೇಲೆ ಒಂದರ ಮೇಲೊಂದು ಶುಲ್ಕಗಳು ಹತ್ತಿ ಕೂರುತ್ತವೆ, ಕೆಲವು ಸಲ ಪ್ರಯಾಣವನ್ನೇ ಮಾಡದ ಕಿಲೋಮೀಟರಿಗೂ ದುಡ್ಡು ಹೋಗುತ್ತದೆ. ಉಳಿಸಲು ಸಾಧ್ಯವಿರುವುದು ಅಲ್ಲಿ ಮಾತ್ರ.

ಮೊದಲು ಮೇಲೆ ಕೂರುವ ಶುಲ್ಕಗಳನ್ನು ನೋಡೋಣ. ರಿಸರ್ವೇಶನ್ ಶುಲ್ಕ ತಲೆಗೆ ಸೆಕೆಂಡ್ ಸಿಟ್ಟಿಂಗಿಗೆ (ಎಸಿ ಇಲ್ಲದೆ ಕೂತು ಹೋಗುವ ಸೆಕೆಂಡ್ ಕ್ಲಾಸ್) 15 ರೂಪಾಯಿ, ಸ್ಲೀಪರಿಗೆ 20, ಚೇರ್ ಕಾರ್ ಮತ್ತು ಥರ್ಡ್ ಎಸಿಗೆ 40, ಸೆಕೆಂಡ್ ಎಸಿಗೆ 50, ಫಸ್ಟ್ ಎಸಿಗೆ 60. ಗಾಡಿ ಸೂಪರ್‌ಫಾಸ್ಟ್ ಆಗಿದ್ದರೆ ಅದರ ಮೇಲೆ ಸೆಕೆಂಡ್ ಕ್ಲಾಸಿಗೆ 15, ಸ್ಲೀಪರಿಗೆ 30, ಚೇರ್ ಕಾರ್, ಥರ್ಡ್ ಎಸಿ, ಸೆಕೆಂಡ್ ಎಸಿಗೆ 45, ಫಸ್ಟ್ ಎಸಿಗೆ 75. ಎಸಿ ದರ್ಜೆ ಆಗಿದ್ದರೆ ಇವೆಲ್ಲದರ ಮೊತ್ತಕ್ಕೆ 5% ಜಿಎಸ್‌ಟಿ. ಆನ್‌ಲೈನ್‌ನಲ್ಲಿ ತೆಗೆದರೆ ರೈಲ್ವೆಯ ಟಿಕೆಟ್ ಜಾಲತಾಣ ಐಆರ್‌ಸಿಟಿಸಿಯ ಕನ್ವೀನಿಯೆನ್ಸ್ ಶುಲ್ಕ ಬೇರೆ. 2025ರಲ್ಲಿ ಜುಲೈ 1ಕ್ಕೆ ಒಮ್ಮೆ, ಡಿಸೆಂಬರ್ 26ಕ್ಕೆ ಇನ್ನೊಮ್ಮೆ ಮೂಲ ದರ ಕಿಲೋಮೀಟರಿಗೆ ಪೈಸೆ ಲೆಕ್ಕದಲ್ಲಿ ಏರಿತು. ಈ ಮೇಲಿನ ಶುಲ್ಕಗಳು ಆಗ ಬದಲಾಗಲಿಲ್ಲ.

ಸೂಪರ್‌ಫಾಸ್ಟ್ ಅನ್ನುವ ಹೆಸರಿಗೆ ಮರುಳಾಗಬೇಡಿ. ಬ್ರಾಡ್‌ಗೇಜ್‌ನಲ್ಲಿ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಇದ್ದರೆ ಸಾಕು, ಆ ಪಟ್ಟ ಸಿಗುತ್ತದೆ. ಗಾಡಿಯ ನಂಬರ್ ನೋಡಿದರೆ ಗೊತ್ತಾಗುತ್ತದೆ: 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್ ಸಾಲಿನದು, 11, 16, 17 ಆದರೆ ಸಾಮಾನ್ಯ ಎಕ್ಸ್‌ಪ್ರೆಸ್. ಬೆಂಗಳೂರು–ಮೈಸೂರು ನಡುವೆ ಚಾಮುಂಡಿ ಎಕ್ಸ್‌ಪ್ರೆಸ್ 16ರ ಸಾಲಿನದು, 12613–12614 ಸೂಪರ್‌ಫಾಸ್ಟ್. ತಲೆಗೆ 15 ರೂಪಾಯಿ ವ್ಯತ್ಯಾಸ ದೊಡ್ಡದಲ್ಲ, ನಿಜ. ಆದರೆ ನಾಲ್ಕು ಜನರ ಕುಟುಂಬ ಥರ್ಡ್ ಎಸಿಯಲ್ಲಿ ಎಲ್ಲಿಗಾದರೂ ಹೋಗಿ ಬಂದರೆ ಸೂಪರ್‌ಫಾಸ್ಟ್ ಶುಲ್ಕವೇ 360, ಅದರ ಮೇಲಿನ ಜಿಎಸ್‌ಟಿ 18, ಒಟ್ಟು 378 ರೂಪಾಯಿ. ಅದೇ ರಾತ್ರಿ ಅದೇ ಊರಿಗೆ ಅರ್ಧ ಗಂಟೆ ತಡವಾಗಿ ಮುಟ್ಟುವ 16ರ ಗಾಡಿ ಇದ್ದರೆ, ನಿದ್ದೆಯಲ್ಲಿ ಕಳೆಯುವ ಆ ಅರ್ಧ ಗಂಟೆಗೆ 378 ಕೊಡಬೇಕೇ ಅಂತ ಯೋಚಿಸಬಹುದು.

ಕನ್ವೀನಿಯೆನ್ಸ್ ಶುಲ್ಕದ ವಿಷಯ ಇನ್ನೂ ಸರಳ, ಆದರೂ ದಿನಾ ಸಾವಿರಾರು ಜನ ಇಲ್ಲೇ ಕಳೆದುಕೊಳ್ಳುತ್ತಾರೆ. ಯುಪಿಐಯಲ್ಲಿ ಕಟ್ಟಿದರೆ ಎಸಿ ಅಲ್ಲದ ಟಿಕೆಟಿಗೆ 10, ಎಸಿಗೆ 20. ಕಾರ್ಡ್ ಅಥವಾ ನೆಟ್‌ಬ್ಯಾಂಕಿಂಗ್ ಆದರೆ 15 ಮತ್ತು 30. ಇದರ ಮೇಲೆ 18% ಜಿಎಸ್‌ಟಿ. ಗಮನಿಸಬೇಕಾದ್ದು ಏನೆಂದರೆ, ಈ ಶುಲ್ಕ ತಲೆಗಲ್ಲ, ಟಿಕೆಟಿಗೆ. ಒಂದು ಪಿಎನ್‌ಆರ್‌ನಲ್ಲಿ (ಒಂದು ಬುಕಿಂಗಿನ ನಂಬರ್) ಆರು ಜನರವರೆಗೆ ಹಾಕಬಹುದು. ನಾಲ್ಕು ಗೆಳೆಯರು ತಮ್ಮ ತಮ್ಮ ಫೋನಿನಲ್ಲಿ ಕಾರ್ಡ್ ಹಾಕಿ ನಾಲ್ಕು ಎಸಿ ಟಿಕೆಟ್ ತೆಗೆದರೆ 141 ರೂಪಾಯಿ 60 ಪೈಸೆ ಶುಲ್ಕವೇ ಆಯಿತು. ಒಬ್ಬನೇ ಯುಪಿಐಯಲ್ಲಿ ನಾಲ್ವರಿಗೂ ತೆಗೆದರೆ 23 ರೂಪಾಯಿ 60 ಪೈಸೆ. ಟಿಕೆಟ್ ಕ್ಯಾನ್ಸಲ್ ಮಾಡಿದಾಗಲೂ ಈ ಶುಲ್ಕ ವಾಪಸ್ ಬರುವುದಿಲ್ಲ. ಬೇರೆ ಟ್ರಾವೆಲ್ ಆ್ಯಪ್‌ಗಳು ಇದರ ಮೇಲೆ ತಮ್ಮ ಸೇವಾ ಶುಲ್ಕ ಸೇರಿಸುತ್ತವೆ, ‘ಉಚಿತ ಕ್ಯಾನ್ಸಲೇಶನ್’ ಅನ್ನುವ ಟಿಕ್ ಹಾಕಿಟ್ಟು ಅದಕ್ಕೂ ಕಾಸು ತೆಗೆದುಕೊಳ್ಳುತ್ತವೆ. ಹಣ ಕಟ್ಟುವ ಮೊದಲು ಆ ಟಿಕ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಪ್ರಯಾಣ ವಿಮೆಯದೊಂದನ್ನು ಮಾತ್ರ ತೆಗೆಯಬೇಡಿ. ಐಆರ್‌ಸಿಟಿಸಿಯಲ್ಲಿ ಅದು ತಲೆಗೆ 45 ಪೈಸೆ, ಸಾವಾದರೆ ಕುಟುಂಬಕ್ಕೆ 10 ಲಕ್ಷ. ನಾಮಿನಿ ಹೆಸರು ತುಂಬಲು ಬರುವ ಲಿಂಕನ್ನು ಯಾರೂ ತೆರೆಯುವುದಿಲ್ಲ, ತೆರೆದು ತುಂಬಿ.

ರೈಲ್ವೆ ಕೌಂಟರಿನಲ್ಲಿ ತೆಗೆದರೆ ಕನ್ವೀನಿಯೆನ್ಸ್ ಶುಲ್ಕ ಇಲ್ಲವೇ ಇಲ್ಲ. ಆದರೆ ಕೌಂಟರ್ ಟಿಕೆಟ್ ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿದರೆ ಇ-ಟಿಕೆಟ್ ಹಾಗೆ ತಾನಾಗಿ ಕ್ಯಾನ್ಸಲ್ ಆಗಿ ಹಣ ಖಾತೆಗೆ ಬರುವುದಿಲ್ಲ, ನೀವೇ ಕ್ಯಾನ್ಸಲ್ ಮಾಡಿಸಬೇಕು. ಮನೆ ಪಕ್ಕದಲ್ಲೇ ಸ್ಟೇಶನ್ ಇದ್ದವರಿಗೆ ಮಾತ್ರ ಇದು ಲಾಭ.

ಮಾಡದ ಪ್ರಯಾಣಕ್ಕೆ ಕೊಡುವ ಹಣ

ದೊಡ್ಡ ಸೋರಿಕೆ ಇರುವುದು ಇಲ್ಲಿ, ಇದನ್ನು ಟಿಕೆಟಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಪ್ರತಿ ದರ್ಜೆಗೂ ಒಂದು ಕನಿಷ್ಠ ದೂರ ಇದೆ. ನೀವು ಅದಕ್ಕಿಂತ ಕಡಿಮೆ ಹೋದರೂ ಅಷ್ಟು ದೂರದ ದರ ಕೊಡಲೇಬೇಕು. ಸ್ಲೀಪರಿಗೆ 200 ಕಿ.ಮೀ., ಥರ್ಡ್ ಎಸಿ ಮತ್ತು ಸೆಕೆಂಡ್ ಎಸಿಗೆ 300, ಎಸಿ ಚೇರ್ ಕಾರಿಗೆ 150, ಎಕ್ಸ್‌ಪ್ರೆಸ್ ಗಾಡಿಯ ಸೆಕೆಂಡ್ ಕ್ಲಾಸಿಗೆ 50.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿ.ಮೀ. ಇಲ್ಲಿ ಥರ್ಡ್ ಎಸಿ ಬರ್ತ್ ತೆಗೆದವರು 300 ಕಿ.ಮೀ. ದರ ಕೊಡುತ್ತಾರೆ, ಅಂದರೆ ಹೋದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸ್ಲೀಪರ್ ತೆಗೆದವರು 200ಕ್ಕೆ ಕೊಡುತ್ತಾರೆ. ಚೇರ್ ಕಾರ್ ತೆಗೆದವರು 150ಕ್ಕೆ, ಬಹುತೇಕ ಹೋದಷ್ಟಕ್ಕೇ. ಸೆಕೆಂಡ್ ಸಿಟ್ಟಿಂಗಿನವರಿಗೆ ಒಂದು ಪೈಸೆಯೂ ವ್ಯರ್ಥವಿಲ್ಲ. ಹಾಗಾಗಿ ಮೂರು ಗಂಟೆಯೊಳಗಿನ ಹಗಲಿನ ಓಡಾಟಕ್ಕೆ ದೂರದ ಗಾಡಿಯ ಎಸಿ ಬರ್ತ್ ಹಿಡಿಯುವುದು ಅತಿ ದುಬಾರಿ ಆಯ್ಕೆ. ಎಸಿ ಬೇಕೇ ಬೇಕು ಅನ್ನುವವರು ಚೇರ್ ಕಾರ್ ಇರುವ ಗಾಡಿಯನ್ನೇ ಹುಡುಕಿ. ಬೆಂಗಳೂರು–ಅರಸೀಕೆರೆ, ಹುಬ್ಬಳ್ಳಿ–ಬೆಳಗಾವಿ, ಮೈಸೂರು–ಹಾಸನದಂಥ ದೂರಗಳಿಗೆಲ್ಲ ಇದೇ ಲೆಕ್ಕ.

ತತ್ಕಾಲ್‌ನಲ್ಲಿ (ಹಿಂದಿನ ದಿನ ತೆಗೆಯುವ ತುರ್ತು ಟಿಕೆಟ್) ಈ ಕನಿಷ್ಠ ದೂರ ಇನ್ನೂ ಉಬ್ಬುತ್ತದೆ. ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ ಮೂರಕ್ಕೂ 500 ಕಿ.ಮೀ., ಚೇರ್ ಕಾರಿಗೆ 250, ಸೆಕೆಂಡ್ ಸಿಟ್ಟಿಂಗಿಗೆ 100. ಇದರ ಮೇಲೆ ತತ್ಕಾಲ್ ಶುಲ್ಕ: ಸೆಕೆಂಡ್ ಕ್ಲಾಸಿಗೆ ಮೂಲ ದರದ 10%, ಉಳಿದವಕ್ಕೆ 30%. ಇದಕ್ಕೆ ಕೆಳಗೂ ಮೇಲೂ ಗೆರೆ ಇದೆ. ಸ್ಲೀಪರಿಗೆ 100ರಿಂದ 200 ರೂಪಾಯಿ, ಚೇರ್ ಕಾರಿಗೆ 125ರಿಂದ 225, ಥರ್ಡ್ ಎಸಿಗೆ 300ರಿಂದ 400, ಸೆಕೆಂಡ್ ಎಸಿಗೆ 400ರಿಂದ 500. ಸೆಕೆಂಡ್ ಸಿಟ್ಟಿಂಗಿಗೆ ಎಷ್ಟು ಗೊತ್ತೇ? 10ರಿಂದ 15 ರೂಪಾಯಿ.

ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 325 ಕಿ.ಮೀ. ಅಂದುಕೊಳ್ಳಿ. ತತ್ಕಾಲ್‌ನಲ್ಲಿ ಸ್ಲೀಪರ್ ತೆಗೆದರೆ 175 ಕಿ.ಮೀ. ಹೆಚ್ಚುವರಿ ದೂರದ ದರ ಮತ್ತು ಕನಿಷ್ಠ 100 ರೂಪಾಯಿ ತತ್ಕಾಲ್ ಶುಲ್ಕ ಕೊಡುತ್ತೀರಿ. ಅದೇ ದಿನ ಹಗಲಿನ ಇಂಟರ್‌ಸಿಟಿಯಲ್ಲಿ ಸೆಕೆಂಡ್ ಸಿಟ್ಟಿಂಗ್ ತತ್ಕಾಲ್ ತೆಗೆದರೆ ದೂರ ಹೋದಷ್ಟೇ, ಶುಲ್ಕ 15 ರೂಪಾಯಿ ಮೀರುವುದಿಲ್ಲ. ಧಾರವಾಡಕ್ಕೆ ಹೋಗುವ ಸಿದ್ಧಗಂಗಾ ಇಂಟರ್‌ಸಿಟಿ, ಹುಬ್ಬಳ್ಳಿಯ ಜನಶತಾಬ್ದಿ ಅಂಥ ಗಾಡಿಗಳ ಸೆಕೆಂಡ್ ಸಿಟ್ಟಿಂಗಿನ ಡಿ ಬೋಗಿಗಳನ್ನು ಜನ ಕಡೆಗಣಿಸುತ್ತಾರೆ, ಇಡೀ ತತ್ಕಾಲ್ ವ್ಯವಸ್ಥೆಯಲ್ಲಿ ಕೊಟ್ಟ ಕಾಸಿಗೆ ಮೋಸವಿಲ್ಲದ ಟಿಕೆಟ್ ಇದೊಂದೇ. ಪ್ರೀಮಿಯಂ ತತ್ಕಾಲ್ ಅಂತ ಇನ್ನೊಂದಿದೆ, ಸೀಟು ಖಾಲಿಯಾದಂತೆ ದರ ಏರುತ್ತ ಹೋಗುತ್ತದೆ. ಸಾವು ನೋವಿನ ತುರ್ತಿಗೆ ಬಿಟ್ಟರೆ ಅದರ ತಂಟೆಗೆ ಹೋಗಬೇಡಿ.

ಹಬ್ಬದ ಸ್ಪೆಷಲ್ ಗಾಡಿಗಳಿಗೂ ಸಾಮಾನ್ಯವಾಗಿ ಇದೇ ಸೂತ್ರ. ನಂಬರ್ ಸೊನ್ನೆಯಿಂದ ಶುರುವಾದರೆ, ಉದಾಹರಣೆಗೆ 06ರಿಂದ, ಅದು ಸ್ಪೆಷಲ್. ವಿಶೇಷ ದರದ ಸ್ಪೆಷಲ್ ಆದರೆ ಮೂಲ ದರಕ್ಕೆ ತತ್ಕಾಲ್ ಮಾದರಿಯಲ್ಲೇ ಹೆಚ್ಚುವರಿ ಸೇರುತ್ತದೆ, ಕನಿಷ್ಠ ದೂರವೂ ಅದೇ 500. ಬೆಂಗಳೂರಿನಿಂದ ಹುಬ್ಬಳ್ಳಿಗೆ 470 ಕಿ.ಮೀ. ಆಸುಪಾಸು, ಹಾಗಾಗಿ ಹುಬ್ಬಳ್ಳಿ, ಬೆಳಗಾವಿಗೆ ಹೋಗುವವರಿಗೆ ಕನಿಷ್ಠ ದೂರದಿಂದ ದೊಡ್ಡ ಹೊಡೆತ ಬೀಳುವುದಿಲ್ಲ. ಅದೇ ಗಾಡಿಯಲ್ಲಿ ಕಡೂರಿಗೋ ಬೀರೂರಿಗೋ ಇಳಿಯುವವರು ಹುಬ್ಬಳ್ಳಿಯವರಿಗಿಂತಲೂ ಕಡಿಮೆ ಕೊಡುವುದಿಲ್ಲ. ‘ಇಷ್ಟು ಹತ್ತಿರಕ್ಕೆ ಇಷ್ಟು ದರವೇ’ ಅಂತ ದಸರಾ ಸಮಯದಲ್ಲಿ ಟಿಟಿಇ ಜೊತೆ ಜಗಳ ಆಡುವವರಿಗೆಲ್ಲ ಉತ್ತರ ಈ 500ರಲ್ಲಿದೆ. ಹತ್ತಿರದ ಊರಿನವರು ಸ್ಪೆಷಲ್ ಗಾಡಿಯನ್ನು ದೂರದವರಿಗೆ ಬಿಟ್ಟು, ಮಾಮೂಲಿ ಗಾಡಿಯ ಸೆಕೆಂಡ್ ಸಿಟ್ಟಿಂಗ್ ಅಥವಾ ಹತ್ತಿರದ ಊರುಗಳ ನಡುವೆ ಓಡುವ ಮೆಮು ಗಾಡಿ ಹಿಡಿಯುವುದೇ ಸರಿ.

ಕರಾವಳಿಯವರಿಗೆ ಇನ್ನೊಂದು ಬಗೆಯ ಕಿಲೋಮೀಟರ್ ಇದೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಕೊಂಕಣ ರೈಲ್ವೆಯಲ್ಲಿ ಪ್ರಯಾಣಿಕರ ದರಕ್ಕೆ ದೂರವನ್ನು 40% ಉಬ್ಬಿಸಿ ಲೆಕ್ಕ ಹಾಕುತ್ತಾರೆ. ಹಳಿಯ ಮೇಲೆ 100 ಕಿ.ಮೀ. ಹೋದರೆ ಟಿಕೆಟಿನ ಮೇಲೆ 140. ಸೇತುವೆ, ಸುರಂಗ ಕಟ್ಟಿದ ಖರ್ಚು ಹೀಗೆ ವಾಪಸ್ ಬರಬೇಕು ಅನ್ನುವುದು ಅದರ ಹಿಂದಿನ ಲೆಕ್ಕ. ಮುಂಬೈಯಿಂದ ಉಡುಪಿ, ಕುಂದಾಪುರ, ಕುಮಟಾ, ಕಾರವಾರಕ್ಕೆ ಬರುವವರಿಗೆ ಬೇರೆ ಕಡೆ ಅಷ್ಟೇ ದೂರಕ್ಕಿಂತ ಟಿಕೆಟ್ ದುಬಾರಿ ಅನ್ನಿಸುವುದು ಭ್ರಮೆಯಲ್ಲ. ಇದನ್ನು ತಪ್ಪಿಸುವ ದಾರಿ ಇಲ್ಲ, ಹಾಗಾಗಿ ಇತರ ಶುಲ್ಕಗಳನ್ನು ಕಳಚುವುದರಲ್ಲೇ ಜಾಣತನ.

ಟಿಕೆಟ್ ಒಡೆದರೆ ಅಗ್ಗವೇ?

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಈ ಪ್ರಶ್ನೆ ಕೇಳುವುದುಂಟು. ಅಲ್ಲಿ ಒಂದೇ ಪ್ರಯಾಣವನ್ನು ಎರಡು ಮೂರು ಟಿಕೆಟ್ ಆಗಿ ಒಡೆದರೆ ಎಷ್ಟೋ ಸಲ ಅಗ್ಗ. ಇಲ್ಲಿ ಉಲ್ಟಾ. ನಮ್ಮ ದರ ದುರ್ಬೀನಿನ ಕೊಳವೆಯ ಹಾಗೆ: ದೂರ ಹೆಚ್ಚಿದಂತೆ ಮುಂದಿನ ಒಂದೊಂದು ಕಿಲೋಮೀಟರಿನ ಬೆಲೆ ಇಳಿಯುತ್ತ ಹೋಗುತ್ತದೆ. ಮೊದಲ ಕಿಲೋಮೀಟರುಗಳು ದುಬಾರಿ, ಕೊನೆಯವು ಅಗ್ಗ. ಟಿಕೆಟ್ ಒಡೆದರೆ ದುಬಾರಿ ಭಾಗವನ್ನೇ ಎರಡು ಸಲ ಕೊಂಡಂತೆ. ಜೊತೆಗೆ ರಿಸರ್ವೇಶನ್ ಶುಲ್ಕ ಎರಡು ಸಲ, ಸೂಪರ್‌ಫಾಸ್ಟ್ ಶುಲ್ಕ ಎರಡು ಸಲ, ಕನ್ವೀನಿಯೆನ್ಸ್ ಶುಲ್ಕ ಎರಡು ಸಲ.

ಆದರೂ ಒಡೆಯಬೇಕಾದ ಒಂದು ಸಂದರ್ಭ ಇದೆ. ಪೂರ್ತಿ ದೂರಕ್ಕೆ ವೇಯ್ಟಿಂಗ್ ಲಿಸ್ಟ್ 60, ಆದರೆ ಅದೇ ಗಾಡಿಯಲ್ಲಿ ನಡುವಿನ ದೊಡ್ಡ ಸ್ಟೇಶನ್‌ವರೆಗೆ ಸೀಟಿದೆ, ಅಲ್ಲಿಂದ ಮುಂದಕ್ಕೂ ಇದೆ ಅನ್ನುವಾಗ. ಬೋಗಿ ಬದಲಿಸಬೇಕಾಗಬಹುದು, 100–150 ರೂಪಾಯಿ ಹೆಚ್ಚಾಗಬಹುದು, ಆದರೂ ತತ್ಕಾಲ್‌ಗಿಂತ ಅಥವಾ ಹಬ್ಬದ ವಾರದ ಖಾಸಗಿ ಬಸ್ಸಿಗಿಂತ ಅಗ್ಗವೇ. ಬೇರೆ ಬೇರೆ ಗಾಡಿಗಳಾದರೆ ಎರಡೂ ಪಿಎನ್‌ಆರ್‌ಗಳನ್ನು ಬುಕ್ ಮಾಡುವಾಗಲೇ ಒಂದಕ್ಕೊಂದು ಜೋಡಿಸಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಇದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಟಿಕೆಟಿನ ಹಣ ಕ್ಯಾನ್ಸಲೇಶನ್ ಕಡಿತವಿಲ್ಲದೆ ಬರುತ್ತದೆ. ಎರಡರಲ್ಲೂ ಪ್ರಯಾಣಿಕರ ಹೆಸರು, ವಯಸ್ಸು ಒಂದೇ ಥರ ಇರಬೇಕು. ಒಂದರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಇನಿಶಿಯಲ್ ಹಾಕಿದರೆ ಜೋಡಣೆ ಆಗುವುದಿಲ್ಲ.

ಇದೇ ದುರ್ಬೀನನ್ನು ನಮ್ಮ ಕಡೆ ತಿರುಗಿಸಿಕೊಳ್ಳಬಹುದು. ದೂರದ ಪ್ರಯಾಣದಲ್ಲಿ ಒಂದು ಸ್ಟೇಶನ್ ಹಿಂದಿನಿಂದ ಟಿಕೆಟ್ ತೆಗೆದರೆ ಹೆಚ್ಚಾಗುವ ದರ ತೀರಾ ಸ್ವಲ್ಪ, ಕೆಲವು ಸಲ ಸೊನ್ನೆ, ಯಾಕೆಂದರೆ ದೂರವನ್ನು ಒಂದೊಂದು ಕಿಲೋಮೀಟರಾಗಿ ಅಲ್ಲ, ಹಂತ ಹಂತವಾಗಿ ಎಣಿಸುತ್ತಾರೆ. ನಡುವಿನ ಸ್ಟೇಶನ್ನಿನಿಂದ ತೆಗೆದರೆ ಸಣ್ಣ ಕೋಟಾದ ವೇಯ್ಟಿಂಗ್ ಲಿಸ್ಟ್ ಬೀಳುತ್ತದೆ (ಟಿಕೆಟಿನಲ್ಲಿ ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯೂಡಬ್ಲ್ಯುಎಲ್ ಅಂತ ಕಾಣುವುದು), ಅದು ಕನ್ಫರ್ಮ್ ಆಗುವುದು ಕಡಿಮೆ. ಗಾಡಿ ಹೊರಡುವ ಊರಿನಿಂದಲೇ ತೆಗೆದು, ಚಾರ್ಟ್ (ಯಾರಿಗೆ ಯಾವ ಸೀಟು ಅನ್ನುವ ಕೊನೆಯ ಪಟ್ಟಿ) ಆಗುವ ಮೊದಲು ಬೋರ್ಡಿಂಗ್ ಸ್ಟೇಶನ್ ಬದಲಿಸಿಕೊಂಡರೆ ಜನರಲ್ ಕೋಟಾದ ಸೀಟು ಸಿಗುತ್ತದೆ. 50 ರೂಪಾಯಿ ಹೆಚ್ಚು ಕೊಟ್ಟು 500ರ ತತ್ಕಾಲ್ ತಪ್ಪಿಸಿದಂತೆ. ಬೋರ್ಡಿಂಗ್ ಬದಲಿಸಲು ಮರೆತರೆ ಟಿಟಿಇ ನಿಮ್ಮ ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು, ಅದು ಅವರ ಹಕ್ಕು.

ಬೇರೆ ಬೇರೆ ಊರು ಸುತ್ತುವವರಿಗೆ ಸರ್ಕ್ಯುಲರ್ ಜರ್ನಿ ಟಿಕೆಟ್ ಇದೆ. ಹೊರಟ ಊರಿಗೇ ವಾಪಸ್ ಬರಬೇಕು, ಎಂಟು ಕಡೆಯವರೆಗೆ ಇಳಿಯಬಹುದು. ಒಟ್ಟು ದೂರವನ್ನು ಎರಡಾಗಿ ಒಡೆದು, ಎರಡು ಉದ್ದದ ಪ್ರಯಾಣ ಅಂತ ಭಾವಿಸಿ ದರ ಹಾಕುತ್ತಾರೆ. ಮೈಸೂರಿನಿಂದ ಹೊರಟು ಕಾಶಿ, ಪ್ರಯಾಗ, ಹರಿದ್ವಾರ, ದೆಹಲಿ ಅಂತ ಸುತ್ತಿ ಬರುವ ಹಿರಿಯರ ಗುಂಪಿಗೆ ಇದು ಹೇಳಿ ಮಾಡಿಸಿದ್ದು. ಏಳೆಂಟು ತುಂಡು ಟಿಕೆಟಿಗಿಂತ ಮೂಲ ದರ ಎದ್ದು ಕಾಣುವಷ್ಟು ಇಳಿಯುತ್ತದೆ. ತೊಂದರೆ ಏನೆಂದರೆ, ಇದು ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಯಾವ ದಾರಿ, ಎಲ್ಲೆಲ್ಲಿ ಇಳಿಯುವುದು ಅಂತ ಬರೆದುಕೊಂಡು ವಿಭಾಗದ ವಾಣಿಜ್ಯ ವ್ಯವಸ್ಥಾಪಕರ ಕಚೇರಿಗೆ ಅರ್ಜಿ ಕೊಡಬೇಕು. ನಮ್ಮ ನೈಋತ್ಯ ರೈಲ್ವೆಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೂರು ವಿಭಾಗಗಳಿವೆ. ಅವರು ದರ ಹಾಕಿ ಕೊಟ್ಟ ಪತ್ರ ಹಿಡಿದು ಸ್ಟೇಶನ್ನಿನಲ್ಲಿ ಟಿಕೆಟ್ ಪಡೆದು, ಆಮೇಲೆ ಒಂದೊಂದು ಗಾಡಿಗೂ ರಿಸರ್ವೇಶನ್ ಮಾಡಿಸಿ, ಅದರ ಶುಲ್ಕ ಬೇರೆ ಕಟ್ಟಬೇಕು. ಎರಡು ಮೂರು ಸಲ ಅಲೆಯುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಗಾಡಿ ಆರಿಸುವಲ್ಲಿ

ದಿನ ಕಳೆದಂತೆ ದರ ಏರುವ ಪದ್ಧತಿ ಇರುವುದು ಮುಖ್ಯವಾಗಿ ರಾಜಧಾನಿ, ಶತಾಬ್ದಿ, ದುರಂತೋಗಳಲ್ಲಿ. 2016ರ ಸೆಪ್ಟೆಂಬರ್ 9ರಿಂದ ಬಂದ ಫ್ಲೆಕ್ಸಿ ದರ ಇದು. ಮೊದಲ 10% ಬರ್ತ್‌ಗಳಿಗೆ ಮಾಮೂಲಿ ಮೂಲ ದರ, ಆಮೇಲೆ ಪ್ರತಿ 10% ತುಂಬಿದಾಗ ಮೂಲ ದರದ 10% ಏರಿಕೆ. ಆರಂಭದಲ್ಲಿ ಒಂದೂವರೆ ಪಟ್ಟಿನವರೆಗೆ ಹೋಗುತ್ತಿತ್ತು, ನಂತರ 1.4 ಪಟ್ಟಿಗೆ ಇಳಿಸಿದರು. ಫಸ್ಟ್ ಎಸಿಗೆ ಫ್ಲೆಕ್ಸಿ ಇಲ್ಲ, ಹಾಗಾಗಿ ಕೊನೆಯಲ್ಲಿ ಸೆಕೆಂಡ್ ಎಸಿ ದರ ಅದರ ಹತ್ತಿರ ಹತ್ತಿರ ಹೋಗಿ ನಿಲ್ಲುವುದೂ ಉಂಟು. ಬೆಂಗಳೂರಿನಿಂದ ದೆಹಲಿಗೆ 22691 ರಾಜಧಾನಿಯಲ್ಲಿ ಹೋಗುವುದಾದರೆ ಬುಕಿಂಗ್ ತೆರೆದ ದಿನವೇ ತೆಗೆಯಿರಿ, ಇಲ್ಲದಿದ್ದರೆ 12627 ಕರ್ನಾಟಕ ಎಕ್ಸ್‌ಪ್ರೆಸ್ ಅಥವಾ 12649 ಸಂಪರ್ಕ ಕ್ರಾಂತಿ ನೋಡಿ. ಅವುಗಳ ದರ ಮೊದಲ ದಿನವೂ ಕೊನೆಯ ದಿನವೂ ಒಂದೇ. ವಂದೇ ಭಾರತ್‌ನಲ್ಲಿ ಫ್ಲೆಕ್ಸಿ ಇಲ್ಲ, ಆದರೆ ಮೂಲ ದರವೇ ಎತ್ತರದಲ್ಲಿದೆ.

ವಂದೇ ಭಾರತ್, ಶತಾಬ್ದಿ, ರಾಜಧಾನಿಗಳಲ್ಲಿ ಊಟ ಬೇಡ ಅನ್ನುವ ಆಯ್ಕೆ ಬುಕ್ ಮಾಡುವಾಗಲೇ ಇರುತ್ತದೆ. ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವವರು ಅದನ್ನು ಒತ್ತಿದರೆ ಊಟದ ಹಣ ಪೂರ್ತಿ ಕಳೆಯುತ್ತದೆ. ಆಮೇಲೆ ಗಾಡಿಯಲ್ಲಿ ಹೊಟ್ಟೆ ಚುರುಗುಟ್ಟಿ ಊಟ ಕೇಳಿದರೆ ಮಾಮೂಲಿ ಬೆಲೆಯ ಮೇಲೆ 50 ರೂಪಾಯಿ ಸೇವಾ ಶುಲ್ಕ ಬೀಳುತ್ತದೆ, ಆ ಮಾತು ನೆನಪಿರಲಿ.

ಹೈದರಾಬಾದಿಗೋ ತಿರುವನಂತಪುರಕ್ಕೋ ಎಸಿಯಲ್ಲಿ ಹೋಗುವವರು ಬೆಂಗಳೂರಿನಿಂದ ಹೊರಡುವ ಗರೀಬ್ ರಥ್‌ಗಳನ್ನು ಮರೆಯಬೇಡಿ. ಥರ್ಡ್ ಎಸಿ ಬರ್ತ್ ಮಾಮೂಲಿಗಿಂತ ಕಡಿಮೆ ದರಕ್ಕೆ ಸಿಗುತ್ತದೆ. ಬೇರೆ ಗಾಡಿಗಳಲ್ಲಿ 3ಇ ಅಂತ ಕಾಣುವ ಎಸಿ ಎಕಾನಮಿ ಬೋಗಿ ಇದ್ದರೆ ಅದು ಥರ್ಡ್ ಎಸಿಗಿಂತ 6ರಿಂದ 8% ಅಗ್ಗ, ಹಾಸಿಗೆ ಹೊದಿಕೆ ಕೊಡುತ್ತಾರೆ, ಬರ್ತ್‌ಗಳ ನಡುವೆ ಜಾಗ ಸ್ವಲ್ಪ ಇಕ್ಕಟ್ಟು, ಅಷ್ಟೇ. ಬುಕ್ ಮಾಡುವಾಗ ‘ಆಟೋ ಅಪ್‌ಗ್ರೇಡ್’ ಟಿಕ್ ಹಾಕಿಡಿ. ಮೇಲಿನ ದರ್ಜೆಯಲ್ಲಿ ಬರ್ತ್ ಖಾಲಿ ಉಳಿದರೆ ಹೆಚ್ಚುವರಿ ಹಣವಿಲ್ಲದೆ ಅಲ್ಲಿಗೆ ಏರಿಸುತ್ತಾರೆ. ಎಲ್ಲರೂ ಒಟ್ಟಿಗೇ ಕೂರಬೇಕು, ಕೆಳಗಿನ ಬರ್ತೇ ಬೇಕು ಅನ್ನುವವರು ಮಾತ್ರ ಹಾಕಬೇಡಿ, ಏರಿಸಿದ ಮೇಲೆ ಬರ್ತ್ ಯಾವುದು ಬೀಳುತ್ತೋ ಹೇಳಲಾಗದು.

ಯಾವಾಗ ತೆಗೆಯಬೇಕು

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನ. ಮೊದಲು 120 ಇತ್ತು. ಪ್ರಯಾಣದ ದಿನ ಬಿಟ್ಟು ಎಣಿಸಬೇಕು: ಅಕ್ಟೋಬರ್ 20ರ ಗಾಡಿಗೆ ಆಗಸ್ಟ್ 21ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮ ಇದೆ. ದಿನ ಎಣಿಸುವುದು ಗಾಡಿ ತನ್ನ ಮೊದಲ ಸ್ಟೇಶನ್ ಬಿಡುವ ತಾರೀಕಿನಿಂದ, ನೀವು ಹತ್ತುವ ತಾರೀಕಿನಿಂದ ಅಲ್ಲ. ದೆಹಲಿಯಿಂದ ಬರುವ ಗಾಡಿ ಕಲಬುರಗಿಗೆ ಮುಟ್ಟುವಾಗ ತಾರೀಕು ಬದಲಾಗಿರುತ್ತದೆ. ಹಾಗಾಗಿ ಕಲಬುರಗಿಯವರಿಗೆ ಬುಕಿಂಗ್ ಅವರ ಕ್ಯಾಲೆಂಡರಿಗಿಂತ ಮುಂಚೆಯೇ ತೆರೆದಿರುತ್ತದೆ. ತತ್ಕಾಲ್‌ಗೂ ಇದೇ ನಿಯಮ. ಎಸಿಗೆ ಬೆಳಿಗ್ಗೆ 10, ಉಳಿದವಕ್ಕೆ 11, ಗಾಡಿ ಹೊರಡುವ ಹಿಂದಿನ ದಿನ. ‘ನಾಳೆಯ ಗಾಡಿಗೆ ಇವತ್ತು’ ಅಂತ ಕಾದು ಕೂತವರಿಗೆ, ಆ ಗಾಡಿಯ ತತ್ಕಾಲ್ ನಿನ್ನೆಯೇ ಮುಗಿದಿದೆ ಅಂತ ಗೊತ್ತಾಗುವುದು ಹೀಗೆ. 2025ರ ಜುಲೈ 1ರಿಂದ ಆಧಾರ್ ದೃಢೀಕರಣ ಆಗದ ಐಆರ್‌ಸಿಟಿಸಿ ಖಾತೆಯಲ್ಲಿ ತತ್ಕಾಲ್ ತೆಗೆಯಲಾಗದು. ಆ ಕೆಲಸ ಬಿಡುವಿದ್ದಾಗ ಮುಗಿಸಿಡಿ, 9 ಗಂಟೆ 58 ನಿಮಿಷಕ್ಕೆ ಅಲ್ಲ.

ಇನ್ನೊಂದು ತುದಿಯಲ್ಲಿ ಕರೆಂಟ್ ಬುಕಿಂಗ್. ಚಾರ್ಟ್ ಆದ ಮೇಲೆ ಉಳಿದ ಸೀಟುಗಳನ್ನು ತತ್ಕಾಲ್ ಶುಲ್ಕ ಇಲ್ಲದೆ ಮಾರುತ್ತಾರೆ. 2017ರ ಜನವರಿ 1ರಿಂದ ಇಂಥ ಸೀಟಿಗೆ ಮೂಲ ದರದಲ್ಲಿ 10% ರಿಯಾಯಿತಿಯೂ ಬಂತು. ರಿಸರ್ವೇಶನ್, ಸೂಪರ್‌ಫಾಸ್ಟ್ ಶುಲ್ಕಗಳಿಗೆ ರಿಯಾಯಿತಿ ಇಲ್ಲ. ಹಿಂದೆ ಹೊರಡಲು ನಾಲ್ಕು ಗಂಟೆ ಇರುವಾಗ ಆಗುತ್ತಿದ್ದ ಚಾರ್ಟ್ ಈಗ ಬಹಳ ಮೊದಲೇ ಆಗುತ್ತದೆ, ಬೆಳಗಿನ ಗಾಡಿಗಾದರೆ ಹಿಂದಿನ ರಾತ್ರಿಯೇ. ಹಾಗಾಗಿ ಕರೆಂಟ್ ಬುಕಿಂಗಿಗೆ ಸಿಗುವ ಸಮಯ ಹೆಚ್ಚಾಗಿದೆ. ಬುಧವಾರದ ಹಗಲಿನ ಚೇರ್ ಕಾರಿಗೆ ಇದು ಸೊಗಸು. ದೀಪಾವಳಿ ಹಿಂದಿನ ದಿನಕ್ಕೆ ಇದನ್ನು ನಂಬಿ ಕೂತರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಅಲೆಯಬೇಕಾಗುತ್ತದೆ.

ಯಾವುದಕ್ಕೂ ಇರಲಿ ಅಂತ ಮೂರು ಗಾಡಿಗೆ ವೇಯ್ಟಿಂಗ್ ಲಿಸ್ಟ್ ತೆಗೆದಿಡುವ ಚಟ ಒಂದಿದೆ. ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟಿಗೂ ತಲೆಗೆ 60 ರೂಪಾಯಿ ಕಡಿತ. ಮೂವರು ಮೂರು ಗಾಡಿಗೆ ಹಾಕಿ ಎರಡು ಕನ್ಫರ್ಮ್ ಆಗದೆ ಹೋದರೆ 360 ರೂಪಾಯಿ ಮಣ್ಣುಪಾಲು, ಕನ್ವೀನಿಯೆನ್ಸ್ ಶುಲ್ಕ ಬೇರೆ. ಕನ್ಫರ್ಮ್ ಟಿಕೆಟ್ ಬಹಳ ಮೊದಲೇ ಕ್ಯಾನ್ಸಲ್ ಮಾಡಿದರೂ ಸೆಕೆಂಡ್ ಸಿಟ್ಟಿಂಗಿಗೆ 60, ಸ್ಲೀಪರಿಗೆ 120, ಥರ್ಡ್ ಎಸಿಗೆ 180, ಸೆಕೆಂಡ್ ಎಸಿಗೆ 200 ತಲೆಗೆ ಹೋಗುತ್ತದೆ. ಗಾಡಿ ಹೊರಡುವ ಹೊತ್ತು ಹತ್ತಿರ ಬಂದಂತೆ ಕಡಿತ ದರದ ಕಾಲು ಭಾಗ, ಅರ್ಧ ಅಂತ ಬೆಳೆಯುತ್ತದೆ. ಕನ್ಫರ್ಮ್ ತತ್ಕಾಲ್‌ಗೆ ಏನೂ ಬರುವುದಿಲ್ಲ.

ರಿಯಾಯಿತಿ ಯಾರಿಗೆ ಉಳಿದಿದೆ

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್ 20ಕ್ಕೆ ನಿಂತಿತು. ಪುರುಷರಿಗೆ 40%, ಮಹಿಳೆಯರಿಗೆ 50% ಇತ್ತು. ‘ಮತ್ತೆ ಶುರುವಾಯಿತು’ ಅನ್ನುವ ಫಾರ್ವರ್ಡ್ ವರ್ಷಕ್ಕೆ ನಾಲ್ಕು ಸಲ ಬರುತ್ತದೆ, ನಂಬಿ ಕೌಂಟರಿಗೆ ಹೋಗಬೇಡಿ. ಅವರಿಗೆ ಉಳಿದಿರುವುದು ಕೆಳಗಿನ ಬರ್ತ್‌ನ ಕೋಟಾ: 60 ದಾಟಿದ ಪುರುಷರಿಗೆ, 45 ದಾಟಿದ ಮಹಿಳೆಯರಿಗೆ.

ಇಂದಿಗೂ ಇರುವುದು ನಾಲ್ಕು ಬಗೆಯ ಅಂಗವಿಕಲರಿಗೆ, 11 ಬಗೆಯ ರೋಗಿಗಳಿಗೆ, ಎಂಟು ಬಗೆಯ ವಿದ್ಯಾರ್ಥಿಗಳಿಗೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗುವಾಗ ಸ್ಲೀಪರ್, ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75%. ಬೆಂಗಳೂರಿನ ಕಿದ್ವಾಯಿಗೆ ಊರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರುವುದಿಲ್ಲ. ಆಸ್ಪತ್ರೆಯಿಂದ ರೈಲ್ವೆಯ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಪಡೆಯಬೇಕು, ಮಾಮೂಲಿ ಲೆಟರ್‌ಹೆಡ್ಡಿನ ಚೀಟಿ ನಡೆಯುವುದಿಲ್ಲ.

ಮಕ್ಕಳ ವಿಷಯದಲ್ಲಿ, 5 ವರ್ಷದೊಳಗೆ ಬರ್ತ್ ಬೇಡವಾದರೆ ಉಚಿತ. 5ರಿಂದ 12ರೊಳಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬೇಕು ಅಂದರೆ ಪೂರ್ತಿ. ಒಂದು ರಾತ್ರಿಯ ಪ್ರಯಾಣಕ್ಕೆ ಏಳು ವರ್ಷದ ಮಗುವನ್ನು ಅಮ್ಮನ ಬರ್ತ್‌ನಲ್ಲೇ ಮಲಗಿಸಿದರೆ ಅರ್ಧ ಉಳಿಯಿತು. ಚೇರ್ ಕಾರ್, ಸೆಕೆಂಡ್ ಸಿಟ್ಟಿಂಗಿನಲ್ಲಿ ಮಾತ್ರ ಈ ಅರ್ಧದ ಆಯ್ಕೆ ಇಲ್ಲ.

ದಿನವೂ ಓಡಾಡುವವರಿಗೆ

ಸೀಸನ್ ಪಾಸ್ 150 ಕಿ.ಮೀ. ವರೆಗೆ ಸಿಗುತ್ತದೆ. ಮೈಸೂರು, ಮಂಡ್ಯ, ತುಮಕೂರು, ಬಂಗಾರಪೇಟೆ ಎಲ್ಲವೂ ಬೆಂಗಳೂರಿನಿಂದ ಈ ಗೆರೆಯೊಳಗಿವೆ. ಸೆಕೆಂಡ್ ಕ್ಲಾಸಿನ ತಿಂಗಳ ಪಾಸ್ ಹೆಚ್ಚುಕಮ್ಮಿ 15 ಒಂಟಿ ಪ್ರಯಾಣದ ದರ, ಅಂದರೆ ಎಂಟನೆಯ ದಿನಕ್ಕೆ ಹಣ ವಸೂಲಾಗಿ ಆಮೇಲಿನದೆಲ್ಲ ಲಾಭ. ಮೂರು ತಿಂಗಳಿನದು ತಿಂಗಳಿನದರ 2.7 ಪಟ್ಟು. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವ ಐಟಿಯವರಿಗೂ ಲೆಕ್ಕ ಹಾಕಿದರೆ ಪಾಸೇ ಮೇಲು. ಸೂಪರ್‌ಫಾಸ್ಟ್ ಹತ್ತುವುದಾದರೆ ಅದರ ಹೆಚ್ಚುವರಿಯನ್ನೂ ಪಾಸಿಗೆ ಸೇರಿಸಿಕೊಳ್ಳಬೇಕು. ಪಾಸ್ ಹಿಡಿದು ರಿಸರ್ವ್ ಬೋಗಿಯಲ್ಲಿ ಕೂತರೆ ಟಿಕೆಟ್ ಇಲ್ಲದವರ ಲೆಕ್ಕವೇ.

ಜನರಲ್ ಟಿಕೆಟನ್ನು ರೈಲ್ವೆಯದೇ ಆದ ರೈಲ್‌ಒನ್ ಆ್ಯಪ್‌ನಲ್ಲಿ ತೆಗೆದರೆ ಕನ್ವೀನಿಯೆನ್ಸ್ ಶುಲ್ಕ ಇಲ್ಲ, ಅದರ ಆರ್-ವ್ಯಾಲೆಟ್‌ಗೆ ಹಣ ತುಂಬಿ ಬಳಸಿದರೆ 3% ಲಾಭ. ಟಿಕೆಟ್ ತೆಗೆಯುವಾಗ ಗಾಡಿಯ ಬಗೆ ಕೇಳುತ್ತದೆ: ಆರ್ಡಿನರಿ, ಮೇಲ್/ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗೂ ಕನಿಷ್ಠ 30 ರೂಪಾಯಿ ವಸೂಲಾಗುತ್ತಿದ್ದುದು 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಆದ್ದರಿಂದ ಮೆಮುವಿಗೆ ಆರ್ಡಿನರಿ ಟಿಕೆಟ್ ಬಹಳ ಅಗ್ಗ. ಅಪಾಯ ಇರುವುದು ಇಲ್ಲೇ. ಆರ್ಡಿನರಿ ಟಿಕೆಟ್ ಹಿಡಿದು ಪ್ಲಾಟ್‌ಫಾರ್ಮಿಗೆ ಬಂದಾಗ ಮುಂದೆ ಎಕ್ಸ್‌ಪ್ರೆಸ್ ನಿಂತಿರುತ್ತದೆ, ಖಾಲಿಯೂ ಇರುತ್ತದೆ, ಹತ್ತಿಬಿಡುತ್ತಾರೆ. ಕೆಂಗೇರಿ ದಾಟುವಷ್ಟರಲ್ಲಿ ಟಿಟಿಇ ಬಂದರೆ ದರದ ವ್ಯತ್ಯಾಸ ಮತ್ತು ಕನಿಷ್ಠ 250 ರೂಪಾಯಿ ದಂಡ. ಯಾವ ಗಾಡಿ ಸಿಗುತ್ತದೋ ಖಚಿತವಿಲ್ಲದ ದಿನ ಮೇಲಿನ ಬಗೆಯ ಟಿಕೆಟನ್ನೇ ತೆಗೆಯಿರಿ, ಅದರಲ್ಲಿ ಕೆಳಗಿನ ಗಾಡಿ ಹತ್ತಬಹುದು.

ಕೊನೆಯದಾಗಿ, ವಾಪಸ್ ಬರಬೇಕಾದ ಹಣ ಕೇಳದೆ ಬಿಡಬೇಡಿ. ನೀವು ಹತ್ತುವ ಸ್ಟೇಶನ್ನಿಗೆ ಗಾಡಿ ಮೂರು ಗಂಟೆಗಿಂತ ತಡವಾಗಿ ಬರುವುದಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಬರುತ್ತದೆ, ತತ್ಕಾಲ್ ಆಗಿದ್ದರೂ ಸರಿ. ಆದರೆ ಆ ಗಾಡಿ ನಿಮ್ಮ ಸ್ಟೇಶನ್ ಬಿಡುವ ಮೊದಲೇ ಆ್ಯಪ್‌ನಲ್ಲಿ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು. ಮನೆಗೆ ಹೋಗಿ ಊಟ ಮಾಡಿ ಆಮೇಲೆ ಹಾಕೋಣ ಅಂದರೆ ಹೋಯಿತು. ದಾರಿಯಲ್ಲಿ ಎಸಿ ಕೆಟ್ಟರೆ ಥರ್ಡ್ ಎಸಿ ಮತ್ತು ಸ್ಲೀಪರ್ ದರದ ವ್ಯತ್ಯಾಸ ವಾಪಸ್ ಕೇಳಬಹುದು. ಅದಕ್ಕೆ ಟಿಟಿಇಯಿಂದ ಪ್ರಮಾಣಪತ್ರ ಬರೆಸಿಕೊಂಡು ಇಳಿಯಿರಿ, ಗಾಡಿ ಮುಟ್ಟಿದ 20 ಗಂಟೆಯೊಳಗೆ ಟಿಡಿಆರ್ ಹಾಕಿ.